ಹಿಂದಿನ ಎಡಮೂಲೆ

"ಕೈ ಬಿಡ್ರಿ ಆಚಾರ್ರ!"

ಬಿಡಲಿಲ್ಲ.

ಬಿಟ್ಟರೆ ಸತ್ತೆ... ಅಷ್ಟು ಗೊತ್ತಿತ್ತು.

ನಾನು ಬಸ್ಸಿನ ಕೆಳಗೆ ಅಂಗಾತ ಮಲಗಿದ್ದೆ. ಎದೆಯಿಂದ ಮೇಲಕ್ಕೆ ಒಂದು ಗೇಣು ಜಾಗ. ಅದರ ಮೇಲೆ ಹನ್ನೆರಡು ಟನ್ ಕಬ್ಬಿಣ! ಬಲಗೈಯಲ್ಲಿ ಒಂದು ಪುಟ್ಟ ಲಿವರ್ ಎತ್ತಿ ಹಿಡಿದಿದ್ದೆ. ದಪ್ಪ ಅಂದರೆ ಪೆನ್ಸಿಲ್‌ನಷ್ಟು. ಲಿವರ್ ಮೇಲಿರುವ ತನಕ ಬಸ್ಸು ಮೇಲೆ. ಲಿವರ್ ಬಿದ್ದರೆ ಬಸ್ಸೂ ಕೆಳಗೆ.

ನನ್ನ ಬಲಗಾಲ ಮೇಲೆ ಒಂದು ಬೂಟು. ಹೊರಗೆ ನಿಂತವನ ಮುಖ ಕಾಣುತ್ತಿರಲಿಲ್ಲ.

"ಮರದ ದಿಮ್ಮಿ ಹುಡುಕಾಕತ್ತೀರೇನ್ರಿ? ಒದ್ದು ತಗದೀನಿ. ಹುಡುಕಬ್ಯಾಡ್ರಿ."

ಗೋಪಾಲ! ಬಸ್ಸಿನ ಮಾಲೀಕ ಯಂಕಪ್ಪ ಸಾಹುಕಾರನ ಭಾಮೈದ. ಸಾಹುಕಾರನ ಗ್ಯಾರೇಜ್ ನೋಡಿಕೊಳ್ಳುವವನು. ದನಿ ಕೇಳಿದ ಕೂಡಲೇ ಗುರುತು ಸಿಕ್ಕಿತು.

"ಗೋಪಾಲ, ಕಾಲು ತೆಗಿ. ಮನುಷ್ಯನ ಜೀವ ಅದ ಇದು."

"ಹುಸೇನಗೂ ಇದೇ ಹೇಳಿದ್ದೆರಿ. ಫೋನ್ ಮಾಡಿ ಹೇಳಿದ್ದೆ... ಅಲ್ಲಿ ಕೈ ಹಾಕಬ್ಯಾಡ, ಸುಮ್ಮ ಗಾಡಿ ಕಳಿಸು ಅಂತ. ಕೇಳಲಿಲ್ಲ. ನೀವೂ ಅಲ್ಲೇ ಕೈ ಹಾಕಿದ್ರಿ."

ಬೆವರಿಗೆ ಲಿವರ್ ಜಾರತೊಡಗಿತು...

ತಡೀರಿ. ಇಲ್ಲಿಗೆ ನಾನು ಹೇಗೆ ಬಂದೆ ಅಂತ ಮೊದಲು ಹೇಳುತ್ತೇನೆ. ನನ್ನ ಹೆಸರು ಪ್ರಹ್ಲಾದಾಚಾರ್. ಕಲಬುರಗಿಯ ಬ್ರಹ್ಮಪುರ ಓಣಿ. ಅಜ್ಜ ಪುರಾಣ ಹೇಳಿದರು, ಅಪ್ಪ ಪೂಜೆ ಮಾಡಿಸಿದರು, ನಾನು ಗ್ರೀಸಿಗೆ ಕೈ ಹಾಕಿದೆ. ಇನ್ಶೂರೆನ್ಸ್ ಸರ್ವೇಯರ್. ಗುದ್ದಿದ ಗಾಡಿ, ಸುಟ್ಟ ಗಾಡಿ, ಬೇಕಂತಲೇ ಹಳ್ಳಕ್ಕೆ ಹಾಕಿದ ಗಾಡಿ, ಎಲ್ಲದರ ಕತೆ ಬಿಡಿಸಿ ಹೇಳುವುದು ನನ್ನ ಕೆಲಸ. ಊರವರು ನನ್ನನ್ನು 'ಗ್ರೀಸ್ ಆಚಾರ್ರು' ಅನ್ನುತ್ತಿದ್ದರು. ನನಗೇನೂ ಬೇಜಾರಿರಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ರಿಪೋರ್ಟನ್ನು ಯಾವ ಕೋರ್ಟೂ ತಿರಸ್ಕರಿಸಿರಲಿಲ್ಲ. ಸೊಕ್ಕು ಇತ್ತು, ಹೌದು!

ಇದು ಎರಡು ಸಾವಿರದ ಮೂರನೇ ಇಸವಿ. ಅವತ್ತು ಬೆಳಿಗ್ಗೆ ಏಳಕ್ಕೆ ಒಬ್ಬ ಹೆಂಗಸು ನಮ್ಮ ಕಟ್ಟೆಯ ಮೇಲೆ ಬಂದು ಕೂತಳು. ಮುಖ ತೊಳೆದು ಎಷ್ಟು ದಿನವಾಗಿತ್ತೋ.

"ಆಚಾರ್ರ, ನಾ ಸಕ್ಕೂಬಾಯಿ. ಡ್ರೈವರ್ ಹಣಮಂತನ ಹೆಂಡ್ತಿರಿ."

ಹಣಮಂತ! ಪೇಪರಿನಲ್ಲಿ ಬಂದಿತ್ತು. ಯಂಕಪ್ಪ ಸಾಹುಕಾರನ ಹೈದರಾಬಾದ್ ಬಸ್ಸಿನ ಡ್ರೈವರ್. ಹತ್ತು ದಿನದ ಹಿಂದೆ ಹೈದರಾಬಾದಿನಿಂದ ಬರುವಾಗ ಬೆಳಗಿನ ಆರೂವರೆಗೆ ಕಮಲಾಪುರದಲ್ಲಿ ಗಾಡಿ ನಿಲ್ಲಿಸಿದ್ದ. ಹಿಂದೆ ಎಡಕ್ಕೆ ವಾಲುತ್ತಿದೆ ಅಂತ. ಅಲ್ಲಿನ ಮೆಕ್ಯಾನಿಕ್ ಹುಸೇನ್ ಬಂದು ಕೆಳಗೆ ನುಸುಳಿದ. ಬಸ್ಸು ಅವನ ಮೇಲೆ ಕೂತಿತು! ಜನ ಜಾಕಿ ಹಚ್ಚಿ ಹೊರಗೆ ಎಳೆಯುವಷ್ಟರಲ್ಲಿ ಉಸಿರು ನಿಂತಿತ್ತು.

"ನನ್ನ ಗಂಡ ಸ್ವಿಚ್ ಒತ್ತಿ ಕೊಂದಾನ ಅಂತಾರ್ರಿ ಪೊಲೀಸ್ರು. ಅವಂಗೇನು ಹುಚ್ಚೇನ್ರಿ?"

"ಜಗಳ ಆಗಿತ್ತಲ್ಲವ್ವ, ಇಬ್ಬರಿಗೂ?"

"ಆಗಿತ್ತು. ಚಾ ಅಂಗಡ್ಯಾಗ ಹತ್ತು ಮಂದಿ ಮುಂದ ಆಗಿತ್ತು. ಜಲ್ದಿ ಮಾಡು, ಪ್ಯಾಸೆಂಜರ್ ಬೈಯಾಕತ್ತಾರ ಅಂದಾನ. ಹುಸೇನಣ್ಣ ತಡಿಯೋ ಅಂದಾನ. ತಡಾ ಮಾಡಿದ್ರ ನಿನ್ನ ಗಾಡಿ ಕೆಳಗೇ ಹಾಕಿ ಮುಗಿಸ್ತೀನಿ ಅಂದಾನ ಇವ. ಸಿಟ್ಟಿನಾಗ ಎಲ್ಲಾರೂ ಅಂತೀವಲ್ರಿ! ಅವರಿಬ್ಬರೂ ಹದಿನೈದು ವರ್ಷದ ಗೆಳ್ಯಾರು."

ಅವಳು ಅಳಲಿಲ್ಲ. ಅಳು ಮುಗಿದಿತ್ತು ಅನಿಸುತ್ತೆ.

"ಸಂಜಿ ಐದಕ್ಕ ಗಾಡಿ ಸಾಹುಕಾರ್ರ ಕೈಗಿ ವಾಪಸ್ ಕೊಡ್ತಾರಂತ. ಕೋರ್ಟಿನ ಆರ್ಡರ್ ಆಗ್ಯಾದ. ಅದಕ್ಕಿಂತ ಮದಲ ನೀವು ಒಮ್ಮಿ ನೋಡ್ರಿ. ತಿಂಗಳ ಹಿಂದ ನೀವೇ ನೋಡಿ ಸಹಿ ಮಾಡಿದ ಗಾಡಿ ಅದು. ಅದರ ಹಕೀಕತ್ ನಿಮಗ ಗೊತ್ತಿದ್ದಷ್ಟು ಯಾರಿಗಿ ಗೊತ್ತದರಿ?"

"ಹೌದವ್ವ" ಅಂದೆ. "ನಂಗೊತ್ತು."

ಗೊತ್ತು ಅಂದೆ ನೋಡಿ... ಆ ಮಾತು ನೆನಪಿಟ್ಟುಕೊಳ್ಳಿ.

ಲೆಕ್ಕ ಸರಳವಾಗಿತ್ತು. ಡ್ರೈವರ್ ಸ್ವಿಚ್ ಒತ್ತಿದ ಅಂದರೆ ಹಣಮಂತ ಒಳಗೆ, ಯಂಕಪ್ಪ ಪಾರು. ಗಾಡಿಯೇ ಕೆಟ್ಟಿತ್ತು ಅಂದರೆ ಯಂಕಪ್ಪ ಒಳಗೆ, ಹಣಮಂತ ಮನೆಗೆ. ಯಾವುದು ನಿಜ ಅಂತ ಆ ಬಸ್ಸಿಗೆ ಮಾತ್ರ ಗೊತ್ತು. ಬಸ್ಸಿನ ಹತ್ತಿರ ಸಂಜೆ ಐದರ ತನಕ ಟೈಮ್.

ಒಂಬತ್ತೂವರೆಗೆ ಕಮಲಾಪುರ ಮುಟ್ಟಿದೆ.

ಬಸ್ಸನ್ನು ಊರಾಚೆ ಮುಚ್ಚಿದ ಜಿನ್ನಿಂಗ್ ಮಿಲ್ಲಿನ ಅಂಗಳದಲ್ಲಿ ನಿಲ್ಲಿಸಿದ್ದರು. ಒಬ್ಬ ಕಾನ್‌ಸ್ಟೆಬಲ್ ಕಾವಲು. ನನ್ನ ಕಾರ್ಡ್ ನೋಡಿ ಒಳಗೆ ಬಿಟ್ಟ.

ನೋಡಿದೆ. ನಾಲ್ಕೂ ಮೂಲೆ ತಗ್ಗಿದ್ದವು. ಹಿಂದಿನ ಎಡಮೂಲೆ ಮಾತ್ರ ನೆಲಕ್ಕೇ ಕೂತಿತ್ತು!

ನಿಮಗೆ ಒಂದು ವಿಷಯ ಹೇಳಬೇಕು. ಹಳೇ ಬಸ್ಸಿಗೆ ಕಮಾನು ಪಟ್ಟಿ ಇರುತ್ತೆ, ಉಕ್ಕಿನದು. ಈ ಹೊಸ ಲಕ್ಸುರಿ ಬಸ್ಸಿಗೆ ಅದಿಲ್ಲ. ಚಕ್ರದ ಹತ್ತಿರ ದಪ್ಪ ರಬ್ಬರಿನ ಬುಗ್ಗೆ, ಅದರೊಳಗೆ ಗಾಳಿ. ಇಡೀ ಬಾಡಿ ನಿಂತಿರುವುದು ಗಾಳಿಯ ಮೇಲೆ! ಡ್ರೈವರ್ ಹತ್ತಿರದ ಸ್ವಿಚ್ ಒತ್ತಿದರೆ ನಾಲ್ಕೂ ಬುಗ್ಗೆಯ ಗಾಳಿ ಒಟ್ಟಿಗೆ ಹೋಗುತ್ತೆ. ಬಸ್ಸು ನೆಟ್ಟಗೆ, ನಾಲ್ಕೂ ಕಡೆ ಸಮನಾಗಿ ಕೆಳಗಿಳಿಯುತ್ತೆ. ಪೊಲೀಸರ ಪಂಚನಾಮೆಯಲ್ಲಿ ಬರೆದದ್ದು ಒಂದೇ ಸಾಲು... 'ಬಸ್ಸಿನ ಬಾಡಿ ಕುಸಿದಿರುತ್ತದೆ.' ಯಾವ ಮೂಲೆ ಅಂತ ಯಾರೂ ಬರೆದಿರಲಿಲ್ಲ.

ಹತ್ತು ದಿನ ನಿಂತ ಗಾಡಿ. ಗಾಳಿ ಎಲ್ಲ ಕಡೆ ಸೋರಿರುತ್ತೆ. ನೋಡಿದ್ದರಿಂದ ಏನೂ ಹೇಳಲಾಗುವುದಿಲ್ಲ. ಅಳೆಯಬೇಕು. ಕಾಯಬೇಕು.

ನಾಲ್ಕು ಚಕ್ರದ ಮೇಲೂ ಸೀಮೆಸುಣ್ಣದಿಂದ ಗುರುತು ಹಾಕಿದೆ. ಇಂಜಿನ್ ಸ್ಟಾರ್ಟ್ ಮಾಡಿದೆ. ಟ್ಯಾಂಕಿಗೆ ಗಾಳಿ ತುಂಬಿತು. ಮುಂದೆ ಎರಡೂ ಎದ್ದವು. ಹಿಂದೆ ಬಲಗಡೆ ಎದ್ದಿತು.

ಹಿಂದೆ ಎಡಗಡೆ...? ಏಳಲಿಲ್ಲ!

ಇಂಜಿನ್ ಬಂದ್ ಮಾಡಿದೆ. ಗಡಿಯಾರ ನೋಡಿಕೊಂಡು ಒಂದು ಗಂಟೆ ಸುಮ್ಮನೆ ನೆರಳಿನಲ್ಲಿ ಕೂತೆ. ಎದ್ದು ಅಳೆದೆ. ಎದ್ದ ಮೂರು ಮೂಲೆ ಒಂದೇ ಬೆರಳು ಇಳಿದಿದ್ದವು. ಅಂದರೆ ಮೂರೂ ಗಟ್ಟಿ. ಸ್ವಿಚ್ಚಿನ ಕೆಲಸ ಆಗಿದ್ದರೆ ನಾಲ್ಕೂ ಎದ್ದು ನಿಲ್ಲಬೇಕಿತ್ತು.

ಹಣಮಂತ ಸ್ವಿಚ್ ಒತ್ತಿಲ್ಲ!

ಖುಷಿಯಾಯಿತು. ಸುಳ್ಳು ಯಾಕೆ ಹೇಳಲಿ, ಒಬ್ಬನೇ ನಿಂತು ನಕ್ಕೆ. ಈಗ ರೋಗ ಎಲ್ಲಿದೆ ಅಂತ ತೋರಿಸಿದರೆ ಮುಗಿಯಿತು. ಬಕೆಟ್ಟಿನಲ್ಲಿ ಸಾಬೂನು ಕದಡಿದೆ. ಮತ್ತೆ ಇಂಜಿನ್ ಸ್ಟಾರ್ಟ್. ಎಡ ಬುಗ್ಗೆಗೆ ಸಾಬೂನು ನೀರು ಹಚ್ಚಿದೆ, ಗುಳ್ಳೆ ಬರಲಿಲ್ಲ. ಪೈಪಿಗೆ ಹಚ್ಚಿದೆ, ಬರಲಿಲ್ಲ. ಉದ್ದ ಕೋಲಿಗೆ ಬಟ್ಟೆ ಸುತ್ತಿ ವಾಲ್ವಿಗೆ ಹಚ್ಚಿದೆ.

ಬುಸುಬುಸು ನೊರೆ!

ಆ ವಾಲ್ವಿಗೆ ಒಂದು ಲಿವರ್ ಇರುತ್ತೆ. ಲಿವರಿನಿಂದ ಕೆಳಗೆ ಅಚ್ಚಿನ ತನಕ ಒಂದು ಕಬ್ಬಿಣದ ಸಲಾಕೆ. ಬಾಡಿ ತಗ್ಗಿದರೆ ಸಲಾಕೆ ಲಿವರನ್ನು ಮೇಲೆ ತಳ್ಳುತ್ತೆ, ಗಾಳಿ ಒಳಗೆ ಹೋಗುತ್ತೆ. ಸಲಾಕೆ ಇಲ್ಲದಿದ್ದರೆ ಲಿವರ್ ಜೋತುಬೀಳುತ್ತೆ, ಗಾಳಿ ಹೊರಗೆ ಹೋಗುತ್ತೆ. ಅಷ್ಟೇ.

ಕಾನ್‌ಸ್ಟೆಬಲ್ ಊಟಕ್ಕೆ ಹೋದ. ನಾನು ಜಾಕಿ ಹಚ್ಚಿ ಆ ಮೂಲೆ ಎತ್ತಿದೆ, ಬಾಡಿಯ ಕೆಳಗೆ ಮರದ ದಿಮ್ಮಿ ಇಟ್ಟು, ಜಾಕಿ ತೆಗೆದು ಒಳಗೆ ನುಸುಳಿದೆ.

ಸಲಾಕೆ ಇರಲಿಲ್ಲ!

ಅದರ ಬದಲು ಸೈಕಲ್ ಟ್ಯೂಬಿನ ಪಟ್ಟಿ. ಲಿವರನ್ನು ಟ್ಯೂಬಿನಿಂದ ಮೇಲಕ್ಕೆ ಎತ್ತಿ ಕಟ್ಟಿದ್ದರು. ಸಲಾಕೆ ಮುರಿದಾಗ ಹೊಸದು ತರಿಸದೆ, ಯಾರೋ ಗಂಟು ಹಾಕಿ ರೋಡಿಗೆ ಬಿಟ್ಟಿದ್ದರು. ಟ್ಯೂಬ್ ಸವೆದು ಗಾಳಿ ಸೋರಿದೆ, ಬಸ್ಸು ವಾಲಿದೆ. ಹುಸೇನ್ ಕೆಳಗೆ ಬಂದು ಕೈ ಹಾಕಿದ್ದಾನೆ, ಟ್ಯೂಬ್ ಹರಿದಿದೆ. ಹರಿದ ತುಂಡು ಇನ್ನೂ ಅಲ್ಲೇ ಜೋತಾಡುತ್ತಿತ್ತು. ಬಿಚ್ಚಿ ಜೇಬಿಗೆ ಹಾಕಿಕೊಂಡೆ. ಅದೇ ನಾನು ಮಾಡಿದ ತಪ್ಪು ಅಂತ ಆಮೇಲೆ ಗೊತ್ತಾಯಿತು.

ಸಲಾಕೆ ಕೂರುವ ಬೋಲ್ಟಿಗೆ ಟಾರ್ಚ್ ಹಿಡಿದೆ. ತುಕ್ಕು. ತುಕ್ಕಿನ ಮೇಲೆ ಒಣಗಿದ ಕೆಸರು. ಇದು ಹತ್ತು ದಿನದ ತುಕ್ಕಲ್ಲ. ಒಂದು ತಿಂಗಳದ್ದೂ ಅಲ್ಲ...

ಮೂರು ತಿಂಗಳು!

ನಾನು ಸಹಿ ಹಾಕಿ ಒಂದೇ ತಿಂಗಳು.

ಅಲ್ಲಿಗೇ ಹೊರಗೆ ಬರಬೇಕಿತ್ತು. ಆದರೂ ಕೆಲಸ ಪೂರ್ತಿ ಮಾಡುವ ಚಟ. ಬೆರಳಿನಿಂದ ಲಿವರ್ ಎತ್ತಿದೆ. ಗಾಳಿ ನುಗ್ಗಿತು, ಮೂಲೆ ಎದ್ದಿತು. ದಿಮ್ಮಿಯ ಮೇಲಿನ ಭಾರ ಹೋಗಿ ದಿಮ್ಮಿ ಸಡಿಲಾಯಿತು. ಆಗಲೇ ಗೋಪಾಲ ಅದನ್ನು ಒದ್ದದ್ದು.

ಈಗ ಮತ್ತೆ ಬಸ್ಸಿನ ಕೆಳಗೆ ಬನ್ನಿ.

"ಕೈ ಬಿಡ್ರಿ ಅಂದ್ನೆಲ್ಲ! ಎಷ್ಟೊತ್ತು ಹಿಡೀತೀರಿ? ಐವತ್ತು ದಾಟಿದ ಕೈ ಅದು."

ನಿಜ. ಮೊಣಕೈಯಲ್ಲಿ ನೋವು ಏರುತ್ತಿತ್ತು. ಕಟ್ಟಲು ಏನಾದರೂ ಬೇಕು. ಟವೆಲ್ ಬಕೆಟ್ ಹತ್ತಿರ. ಜೇಬಿನ ಟ್ಯೂಬ್ ಗೇಣುದ್ದವೂ ಇಲ್ಲ. ಮೈಮೇಲೆ...

ಜನಿವಾರ!

ಎಡಗೈಯಿಂದ ತಲೆಯ ಮೇಲೆ ಎಳೆದು ತೆಗೆದೆ. ಲಿವರಿಗೆ ಸುತ್ತಿದೆ. ಮೇಲಿನ ಬೋಲ್ಟಿಗೆ ಸಿಕ್ಕಿಸಿ ಒಂದು ಗಂಟು. ಆರು ಎಳೆ ನೂಲು, ಬ್ರಹ್ಮಗಂಟು, ಅಪ್ಪ ಕೈಯಾರೆ ಹಾಕಿದ ಸಂಸ್ಕಾರ... ಹನ್ನೆರಡು ಟನ್ ತಡೆಯುತ್ತಾ? ಎರಡು ಕ್ಷಣ ತಡೆದರೆ ಸಾಕು!

ಎಡಗಾಲು ಎತ್ತಿ ಗೋಪಾಲನ ಮೊಣಕಾಲಿಗೆ ಬೀಸಿ ಒದ್ದೆ.

"ಯಪ್ಪಾ...!"

ಬೂಟು ಸರಿಯಿತು. ಉರುಳಿದೆ. ಒಂದು ಉರುಳು, ಎರಡು ಉರುಳು... ಬೆನ್ನ ಹಿಂದೆ 'ಪಟ್' ಅಂತ ಸದ್ದು. ಆಮೇಲೆ ಉಸ್ಸ್! ಬಸ್ಸು ನೆಲಕ್ಕೆ ಕೂತಿತು. ನನ್ನ ಅಂಗಿಯ ತುದಿ ಅದರ ಕೆಳಗೆ ಸಿಕ್ಕಿ ಹರಿಯಿತು.

ಎದ್ದು ಓಡಿದೆ.

ಕಾಂಪೌಂಡಿನ ಮುರುಕು ಗೋಡೆ ಹಾರಿದೆ. ಹಿಂದೆ ಬೈಕ್ ಸ್ಟಾರ್ಟ್ ಆದ ಸದ್ದು. ಸಂದಿಯಿಂದ ಸಂದಿಗೆ ನುಗ್ಗಿ ಬಾಳೆಹಣ್ಣಿನ ಅಂಗಡಿ ಸಾಲಿಗೆ ಬಂದೆ. ಅಲ್ಲಿ ಕೆಂಪುಬಾಳೆ ಗೊನೆ ತುಂಬಿದ ಒಂದು ಜೀಪು ಹೊರಡುತ್ತಿತ್ತು. ಡ್ರೈವರ್ ಅಲ್ಲಾವುದ್ದೀನ್. ಎರಡು ವರ್ಷದ ಹಿಂದೆ ಅವನ ಜೀಪಿನ ಕ್ಲೇಮ್ ನಾನೇ ಮಾಡಿಕೊಟ್ಟಿದ್ದೆ.

"ಅಲ್ಲಾವುದ್ದೀನ್, ಹೊಡಿ ಗಾಡಿ!"

"ಎಲ್ಲಿಗಿ ಆಚಾರ್ರ? ಅಂಗಿ ಯಾಕ ಹರದದ?"

"ಕಲಬುರಗಿಗಿ! ಮಾತಾಡಬ್ಯಾಡ, ಹೊಡಿ!"

ಗೊನೆಗಳ ನಡುವೆ ನುಗ್ಗಿದೆ. ಜೀಪು ಹಾರಿತು. ಗೋಪಾಲನ ಬೈಕ್ ಹಿಂದೆಯೇ ಬಂತು. ಬಗಲಿಗೆ ಬಂದ. ಕೈಯಲ್ಲಿ ನಟ್ಟು ಬಿಚ್ಚುವ ದೊಡ್ಡ ಪಾನಾ!

"ನಿಂದ್ರಸಲೇ!"

"ಬ್ರೇಕ್ ಹತ್ತವಲ್ದೋ ಭಾಯ್!" ಅಂತ ಕೂಗಿ ಅಲ್ಲಾವುದ್ದೀನ್ ಸ್ಟೀರಿಂಗ್ ಎಳೆದ. ಬೈಕ್ ರೋಡ್ ಬಿಟ್ಟು ತೊಗರಿ ಹೊಲಕ್ಕೆ ಇಳಿಯಿತು. ಮತ್ತೆ ಹತ್ತಿ ಬಂತು. ಪಾನಾ ಬೀಸಿ ಬಂದು ನನ್ನ ಕಿವಿಯ ಹತ್ತಿರದ ಗೊನೆಗೆ ಬಡಿಯಿತು. ಮುಖದ ತುಂಬ ಬಾಳೆಹಣ್ಣು.

"ಆಚಾರ್ರ, ಆ ಗೊನಿ ನಿಮ್ಮ ಲೆಕ್ಕಕ್ಕ ನೋಡ್ರಿ!"

ನಾಲ್ಕೈದು ಮೈಲಿ ಹಾಗೇ ನಡೆಯಿತು. ಒಮ್ಮೆಲೇ ಗೋಪಾಲ ಬೈಕ್ ನಿಲ್ಲಿಸಿದ. ಜೇಬಿನಿಂದ ಮೊಬೈಲ್ ತೆಗೆದು ಏನೋ ಮಾತಾಡಿದ. ನಮ್ಮ ಕಡೆ ನೋಡಿ... ನಕ್ಕ!

ಬೈಕ್ ತಿರುಗಿಸಿ ಕಮಲಾಪುರಕ್ಕೆ ವಾಪಸ್ ಹೋದ.

"ಸೋತು ಹೋದ್ನರಿ ಮಗ!" ಅಂದ ಅಲ್ಲಾವುದ್ದೀನ್.

ನಾನೂ ಹಾಗೇ ಅಂದುಕೊಂಡೆ. ಇಪ್ಪತ್ತಾರು ವರ್ಷದ ಅನುಭವ ನನ್ನದು, ನೋಡಿ!

ಸರ್ಕಲ್ ಇನ್ಸ್‌ಪೆಕ್ಟರ್ ಆಫೀಸು ಕಲಬುರಗಿಯಲ್ಲಿ. ಮೂರೂವರೆಗೆ ಒಳಗೆ ನುಗ್ಗಿದೆ. ಇನ್ಸ್‌ಪೆಕ್ಟರ್ ಮುಂದೆ ಯಂಕಪ್ಪ ಸಾಹುಕಾರ ಆಗಲೇ ಕೂತಿದ್ದ. ಬಿಳಿ ಧೋತರ, ಹಣೆಗೆ ವಿಭೂತಿ.

"ಬರ್ರಿ ಆಚಾರ್ರ. ನೀರು ಕುಡೀರಿ ಮದಲ."

ನಾನು ಟ್ಯೂಬಿನ ತುಂಡನ್ನು ಟೇಬಲ್ ಮೇಲೆ ಎಸೆದೆ. ಎಲ್ಲ ಹೇಳಿದೆ. ಮೂರು ಮೂಲೆ ಎದ್ದದ್ದು, ಒಂದು ಏಳದೇ ಇದ್ದದ್ದು, ಸಾಬೂನು ನೀರು, ಲಿವರ್, ಗೋಪಾಲನ ಬೂಟು. ಇನ್ಸ್‌ಪೆಕ್ಟರ್ ಗಮನವಿಟ್ಟು ಕೇಳಿದರು. ಕೆಟ್ಟ ಮನುಷ್ಯ ಅಲ್ಲ. ಕಮಲಾಪುರಕ್ಕೆ ಫೋನ್ ಹಚ್ಚಿ ಬಸ್ಸು ನೋಡಿ ಬರಲು ಹೇಳಿದರು. ಹತ್ತು ನಿಮಿಷಕ್ಕೆ ಉತ್ತರ ಬಂತು.

"ಆಚಾರ್ರ, ಗಾಡಿ ನಾಕೂ ಕಡೆ ಸಮಾ ನಿಂತದ ಅಂತಾರಲ್ರಿ."

ಗೋಪಾಲ ಯಾಕೆ ನಕ್ಕ ಅಂತ ಈಗ ಗೊತ್ತಾಯಿತು. ವಾಪಸ್ ಹೋಗಿ, ಕಾನ್‌ಸ್ಟೆಬಲ್ ಊಟದಿಂದ ಬರುವಷ್ಟರಲ್ಲಿ ಹೊಸ ಸಲಾಕೆ ಹಾಕಿದ್ದ. ಹದಿನೈದು ನಿಮಿಷದ ಕೆಲಸ! ಹಳೇ ಟ್ಯೂಬ್ ಬಿಚ್ಚಿ ತಂದವನು ನಾನೇ. ಅದು ಯಾವ ಸೈಕಲ್ಲಿಂದು, ಯಾವ ಬಸ್ಸಿಂದು ಅಂತ ಇನ್ನು ಯಾರು ಹೇಳಬೇಕು?

"ಬೋಲ್ಟ್ ನೋಡ್ರಿ! ಸಲಾಕಿ ಹೊಸಾದು, ಬೋಲ್ಟಿಗಿ ಮೂರು ತಿಂಗಳ ತುಕ್ಕು ಹತ್ತೇದ!"

ಯಂಕಪ್ಪ ಆಗ ಬಾಯಿ ತೆರೆದ. ಮೆತ್ತಗೆ. ಬಹಳ ಮೆತ್ತಗೆ.

"ಮೂರು ತಿಂಗಳಿಂದ ಕೆಟ್ಟಿತ್ತು ಅಂತೀರಿ?"

"ಹೌದು!"

ಅವನು ಒಂದು ಕಾಗದ ಬಿಚ್ಚಿ ಇನ್ಸ್‌ಪೆಕ್ಟರ್ ಮುಂದೆ ಇಟ್ಟ. ನನ್ನ ಸರ್ಟಿಫಿಕೇಟ್. 'ಗಾಡಿಯ ಕೆಳಭಾಗ ಖುದ್ದಾಗಿ ಪರೀಕ್ಷಿಸಿದ್ದೇನೆ. ಏರ್ ಸಸ್ಪೆನ್ಶನ್ ಸುಸ್ಥಿತಿಯಲ್ಲಿದೆ.' ಕೆಳಗೆ ನನ್ನ ಸಹಿ.

"ಎರಡೂ ಮಾತು ನಿಮ್ಮವೇ" ಅಂದರು ಇನ್ಸ್‌ಪೆಕ್ಟರ್. "ಯಾವ್ದು ನಂಬಬೇಕ್ರಿ? ಅವತ್ತು ಗಾಡಿ ಕೆಳಗ ಹೋಗಿದ್ರಿಲ್ಲ?"

ಇಲ್ಲ.

ಹೇಳುತ್ತೇನೆ ಕೇಳಿ. ಅವತ್ತು ನಮ್ಮಪ್ಪನ ಶ್ರಾದ್ಧ. ಮಿಂದು ಮಡಿಯಲ್ಲಿದ್ದೆ. ಪುರೋಹಿತರು ಬರುವುದು ತಡವಾಗಿತ್ತು. ಪಾಲಿಸಿ ಅವತ್ತೇ ಮುಗಿಯುತ್ತೆ ಅಂತ ಗೋಪಾಲ ಬಸ್ಸನ್ನು ನಮ್ಮ ಓಣಿಯ ಬಾಯಿಗೇ ತಂದು ನಿಲ್ಲಿಸಿದ. ಇಂಜಿನ್ ಬಂದ್ ಮಾಡಿರಲಿಲ್ಲ. ನಾನು ಒದ್ದೆ ಪಂಚೆಯಲ್ಲಿ ಕಟ್ಟೆಯ ಮೇಲೆ ನಿಂತು ನೋಡಿದೆ. ಬಸ್ಸು ಸಮನಾಗಿ ನಿಂತಿತ್ತು. ಇಂಜಿನ್ ನಡೆಯುತ್ತಿದ್ದರೆ ಟ್ಯೂಬಿನ ಗಂಟಿನ ಮೇಲೂ ಬಸ್ಸು ಸಮನಾಗಿಯೇ ನಿಲ್ಲುತ್ತೆ. ಬಂದ್ ಮಾಡಿಸಿ ಒಂದು ಗಂಟೆ ಕಾಯಬೇಕಿತ್ತು. ಕೆಳಗೆ ನುಸುಳಬೇಕಿತ್ತು.

"ಮಡಿಯಾಗ ಇದ್ದೀರಿ ಆಚಾರ್ರ, ಮೈಲಿಗಿ ಯಾಕ ಮಾಡ್ಕೋತೀರಿ? ಅಲ್ಲಿಂದಲೇ ನೋಡ್ರಿ ಸಾಕು" ಅಂದಿದ್ದ ಗೋಪಾಲ. ನನ್ನನ್ನು ಮುಟ್ಟಬಾರದು ಅಂತ ಕಾಗದವನ್ನು ಕಟ್ಟೆಯ ಮೇಲಿಟ್ಟು ನಾಲ್ಕು ಹೆಜ್ಜೆ ಹಿಂದೆ ಸರಿದಿದ್ದ. ಎಷ್ಟು ತಿಳುವಳಿಕೆಯ ಹುಡುಗ ಅಂದುಕೊಂಡು ಸಹಿ ಹಾಕಿದ್ದೆ!

ಯಂಕಪ್ಪ ಕುರ್ಚಿ ಹತ್ತಿರ ಎಳೆದುಕೊಂಡ.

"ಆಚಾರ್ರ, ದೊಡ್ಡ ಮನೆತನ ನಿಮ್ದು. ಈ ಟ್ಯೂಬ್ ಜೇಬಿನಾಗ ಇಟ್ಕೊಂಡು ಮನಿಗಿ ಹೋಗ್ರಿ. ನಾವು ಏನೂ ಕೇಳಿಲ್ಲ, ನೀವು ಏನೂ ಹೇಳಿಲ್ಲ. ಇಲ್ಲಾಂದ್ರ ನಿಮ್ಮ ಲೈಸನ್ಸ್ ಹೋಗ್ತದ. ಹಣಮಂತನೂ ಹೊರಗ ಬರಂಗಿಲ್ಲ."

ನನಗೆ ಸಕ್ಕೂಬಾಯಿ ನೆನಪಾದಳು.

"ಬರಕೋರಿ ಸಾಹೇಬ್ರ" ಅಂದೆ. "ಅವತ್ತು ನಾನು ಕೆಳಗ ಹೋಗಿಲ್ಲ. ಸುಳ್ಳು ಸಹಿ ಮಾಡೀನಿ."

ಬರೆದುಕೊಂಡರು. ನನ್ನ ಕಡೆ ನೋಡಿದ ರೀತಿಯಲ್ಲಿ ಸ್ವಲ್ಪ ಕನಿಕರವೂ ಇತ್ತು.

ಹೊರಗೆ ಬೇವಿನ ಮರದ ಕೆಳಗೆ ಸಕ್ಕೂಬಾಯಿ ಕಾಯುತ್ತಿದ್ದಳು. ನನ್ನ ಹರಿದ ಅಂಗಿ ನೋಡಿ ಎದ್ದು ನಿಂತಳು. ಕಣ್ಣಲ್ಲಿ ಆಸೆ! ಅದನ್ನು ನೋಡಲಾಗಲಿಲ್ಲ. ತಲೆ ತಗ್ಗಿಸಿ ಎಲ್ಲ ಹೇಳಿದೆ. ಹಣಮಂತ ತಪ್ಪು ಮಾಡಿಲ್ಲ ಅಂತ ಹೇಳಿದೆ. ನಾನು ಮಾಡಿದ್ದೇನೆ ಅಂತ ಹೇಳಿದೆ. ಶ್ರಾದ್ಧದ ವಿಷಯ, ಮಡಿಯ ವಿಷಯ, ಎಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

"ಮತ್ತೊಮ್ಮಿ ಮೈ ತೊಳಕೋಬಹುದಿತ್ತಲ್ರಿ, ಆಚಾರ್ರ" ಅಂದಳು.

ಅಷ್ಟೇ. ಸೆರಗು ಹೊದ್ದುಕೊಂಡು ಬಸ್‌ಸ್ಟ್ಯಾಂಡ್ ಕಡೆ ನಡೆದಳು.

ಕೇಸು ಎರಡು ವರ್ಷ ನಡೆಯಿತು. ಕಟಕಟೆಯಲ್ಲಿ ನಿಂತು ನಿಜ ಹೇಳಿದೆ. ಸರ್ಕಾರಿ ವಕೀಲರು ಎರಡು ಕಾಗದ ಎತ್ತಿ ಹಿಡಿದು ಒಂದೇ ಪ್ರಶ್ನೆ ಕೇಳಿದರು... "ಒಮ್ಮೆ ಸುಳ್ಳು ಸಹಿ ಮಾಡಿದವರು ಈಗ ನಿಜ ಹೇಳುತ್ತಿದ್ದೀರಿ ಅಂತ ಹೇಗೆ ನಂಬೋಣ?" ಗೋಪಾಲ ಒದ್ದದ್ದನ್ನು ನೋಡಿದವರು ಯಾರೂ ಇರಲಿಲ್ಲ. ಅವತ್ತೇ ಸಂಜೆ ಐದಕ್ಕೆ ಗಾಡಿ ಯಂಕಪ್ಪನ ಕೈ ಸೇರಿತ್ತು, ಬೋಲ್ಟನ್ನೂ ಬದಲಿಸಿದ್ದರು. ಹಣಮಂತನಿಗೆ ಏಳು ವರ್ಷ ಜೈಲು ಆಯಿತು. ಹುಸೇನನ ಹೆಂಡತಿ ಮೆಹಬೂಬಿ ಕೋರ್ಟಿನ ಮೆಟ್ಟಿಲ ಮೇಲೆ ಹಣಮಂತನ ಮುಖಕ್ಕೆ ಉಗಿದಳು. ಅವಳ ಗಂಡನ ಸಾವಿಗೆ ಕಾರಣ ಯಾರು ಅಂತ ಅವಳಿಗೆ ಇವತ್ತಿಗೂ ತಪ್ಪಾಗಿಯೇ ಗೊತ್ತು. ಉಗಿಯಬೇಕಿದ್ದ ಮುಖ ನನ್ನದು, ಎರಡು ಹೆಜ್ಜೆ ಹಿಂದೆ ನಿಂತಿತ್ತು.

ಯಂಕಪ್ಪನ ಬಸ್ಸು ಈಗಲೂ ಹೈದರಾಬಾದಿಗೆ ಓಡುತ್ತೆ. ಸಮನಾಗಿ, ಒಂದು ಬೆರಳೂ ವಾಲದೆ.

ನನ್ನ ಲೈಸನ್ಸ್ ಹೋಯಿತು. ಹೊಸ ಜನಿವಾರ ಹಾಕಿಕೊಂಡಿದ್ದೇನೆ. ಈಗ ನಾನು ಗಾಡಿಯ ಕೆಳಗೆ ನುಸುಳಿ, ಒಂದು ಗಂಟೆ ಕಾದು, ನಾಲ್ಕೂ ಮೂಲೆ ಅಳೆಯದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ...

ಕಾಗದ ತರುವವರೂ ಯಾರೂ ಇಲ್ಲ ಬಿಡಿ!